ಏರೋನೆಟ್: ಬಿಸಿಲನ್ನು ಅಳೆದು ಧೂಳಿನ ಲೆಕ್ಕ ಹೇಳುವ ಜಾಲ

ಕಾನ್ಪುರದ ಐಐಟಿ ಆವರಣದಲ್ಲಿ 2001ರ ಜನವರಿಯಲ್ಲಿ ಸನ್ ಫೋಟೋಮೀಟರ್ ಎಂಬ ಪುಟ್ಟ ಉಪಕರಣವೊಂದನ್ನು ಸ್ಥಾಪಿಸಲಾಯಿತು. ಹಗಲೆಲ್ಲ ಸೂರ್ಯನನ್ನು ಹಿಂಬಾಲಿಸುವುದೇ ಅದರ ಕೆಲಸ. ಗಂಗಾ ಬಯಲಿನ ಆಕಾಶವನ್ನು ಮಬ್ಬಾಗಿಸುವುದು ಥಾರ್ ಮರುಭೂಮಿಯ ಧೂಳೋ, ಒಲೆ, ವಾಹನ, ಕಾರ್ಖಾನೆಗಳ ಹೊಗೆಯೋ ಎಂಬುದಕ್ಕೆ ವರ್ಷಗಟ್ಟಲೆ ಅವಧಿಯ ಅಂಕಿ-ಅಂಶ ಒದಗಿಸಿದ ಕೇಂದ್ರವಿದು.

ಗಾಳಿಯಲ್ಲಿ ತೇಲುವ ಇಂಥ ಸೂಕ್ಷ್ಮ ಕಣಗಳಿಗೆ ಏರೋಸಾಲ್ ಎಂದು ಹೆಸರು. ಅವುಗಳನ್ನು ನೆಲದಿಂದಲೇ ಅಳೆಯಲು ಅಮೆರಿಕದ ನಾಸಾ ಮತ್ತು ಫ್ರಾನ್ಸಿನ ವಿಜ್ಞಾನಿಗಳು 1990ರ ದಶಕದಲ್ಲಿ ಕಟ್ಟಿದ ಜಾಲವೇ ಏರೋನೆಟ್. ಎಲ್ಲೆಡೆ ಒಂದೇ ಬಗೆಯ ಉಪಕರಣ, ಒಂದೇ ಲೆಕ್ಕಾಚಾರ ಇರುವುದು ಇದರ ಬಲ.

ತತ್ತ್ವ ಸರಳ. ವಾತಾವರಣದ ಹೊರಗೆ ಸೂರ್ಯನ ಬೆಳಕು ಎಷ್ಟಿರುತ್ತದೆಂದು ತಿಳಿದಿದ್ದರೆ, ನೆಲ ಮುಟ್ಟುವಷ್ಟರಲ್ಲಿ ಎಷ್ಟು ಕಡಿಮೆಯಾಯಿತೆಂದು ಹೇಳಬಹುದು. ಅದರಲ್ಲಿ ವಾಯು ಅಣುಗಳ ಮತ್ತು ಅನಿಲಗಳ ಪಾಲನ್ನು ಕಳೆದರೆ ಉಳಿಯುವುದು ಏರೋಸಾಲ್‌ಗಳ ಪಾಲು. ಇದನ್ನು ಸೂಚಿಸುವ ಸಂಖ್ಯೆಗೆ 'ಆಪ್ಟಿಕಲ್ ಡೆಪ್ತ್' ಎನ್ನುತ್ತಾರೆ. ಸೂರ್ಯ ನೆತ್ತಿಯ ಮೇಲಿರುವಾಗ ಈ ಸಂಖ್ಯೆ 0.1 ಇದ್ದರೆ ಏರೋಸಾಲ್‌ಗಳನ್ನು ದಾಟಿ ಬರುವ ನೇರ ಕಿರಣ ಶೇ. 90, ಸಂಖ್ಯೆ 1ಕ್ಕೆ ಏರಿದರೆ ಶೇ. 37 ಮಾತ್ರ. ಹೊರಗಿನ ಮೂಲ ಬೆಳಕನ್ನು ನಿರ್ಧರಿಸಲು ಮುಖ್ಯ ಉಪಕರಣಗಳನ್ನು ಹವಾಯಿಯ ಮೌನಾ ಲೋವಾ ಪರ್ವತದಲ್ಲಿ, ಸುಮಾರು 3,400 ಮೀಟರ್ ಎತ್ತರದ ಶುಭ್ರ ಗಾಳಿಯಲ್ಲಿ ಅಣಿಗೊಳಿಸಲಾಗುತ್ತದೆ. ಉಳಿದ ಉಪಕರಣಗಳನ್ನು ಆಗಾಗ ತರಿಸಿ ಇವುಗಳೊಂದಿಗೆ ಹೋಲಿಸಬೇಕು. ಈ ಶಿಸ್ತು ತಪ್ಪಿದರೆ ಅಂಕಿಗಳಿಗೆ ಬೆಲೆಯಿಲ್ಲ.

ಅಳತೆ 340ರಿಂದ 1020 ನ್ಯಾನೋಮೀಟರ್‌ವರೆಗಿನ ಹಲವು ತರಂಗಾಂತರಗಳಲ್ಲಿ ನಡೆಯುತ್ತದೆ. ಹೊಗೆಯ ನವುರು ಕಣಗಳು ಕೆಂಪಿಗಿಂತ ನೀಲಿ ಬೆಳಕನ್ನು ಹೆಚ್ಚು ತಡೆಯುತ್ತವೆ; ದಪ್ಪ ಧೂಳಿಗೆ ಆ ಭೇದ ಅಷ್ಟಾಗಿ ಇಲ್ಲ. ಕಾನ್ಪುರದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಧೂಳಿನ ಗುರುತು ಎದ್ದು ಕಂಡರೆ, ಚಳಿಗಾಲದಲ್ಲಿ ನವುರು ಕಣಗಳದೇ ಮೇಲುಗೈ.

ಉಪಗ್ರಹಗಳಿರುವಾಗ ಇದೆಲ್ಲ ಏಕೆ? ಉಪಗ್ರಹಕ್ಕೆ ಕಾಣುವುದು ಕಣಗಳೂ ನೆಲವೂ ಸೇರಿ ಚದುರಿಸಿದ ಬೆಳಕು. ನೆಲ ಬೆಳ್ಳಗಿದ್ದಲ್ಲಿ ಅದರ ಲೆಕ್ಕ ಎಡವುತ್ತದೆ. ಆಗ ಸರಿ-ತಪ್ಪು ನೋಡಲು ಆಸರೆ ಈ ನೆಲದ ಕೇಂದ್ರಗಳೇ.

ಜಾಲಕ್ಕೂ ಮಿತಿಗಳಿವೆ. ಮೋಡ ಕವಿದರೆ ಅಳತೆ ನಿಲ್ಲುತ್ತದೆ. ದಟ್ಟ ಹೊಗೆಯನ್ನೂ ಮೋಡವೆಂದು ಬಗೆದು ಹಳೆಯ ಗಣಕವಿಧಾನ ಕೈಬಿಡುತ್ತಿದ್ದುದುಂಟು. ಅತಿ ಮಲಿನ ದಿನಗಳೇ ಲೆಕ್ಕದಿಂದ ಜಾರಿಹೋಗುವುದು ಸಣ್ಣ ದೋಷವಲ್ಲ. 2018ರ ಮೂರನೇ ಆವೃತ್ತಿಯಲ್ಲಿ ಇದನ್ನು ಬಹುಮಟ್ಟಿಗೆ ಸರಿಪಡಿಸಲಾಯಿತು. ಇನ್ನೊಂದು ಮಾತು: ಈ ಸಂಖ್ಯೆ ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯದು, ಮೂಗಿನ ಮಟ್ಟದ ಗಾಳಿಯದಲ್ಲ. ಧೂಳು ಮೇಲ್ಪದರದಲ್ಲೇ ಸಾಗುತ್ತಿದ್ದರೆ ಇಲ್ಲಿ ಸಂಖ್ಯೆ ಏರಿದರೂ ನಗರದ ಪಿಎಂ 2.5 ಮಾಪಕ ಸುಮ್ಮನಿರಬಹುದು.

ಭಾರತದ್ದೇ ಆದ ಜಾಲವೂ ಇದೆ. 1980ರ ದಶಕದಲ್ಲಿ ತಿರುವನಂತಪುರದ ಇಸ್ರೋ ಪ್ರಯೋಗಾಲಯದಲ್ಲಿ ರೂಪುಗೊಂಡ ರೇಡಿಯೋಮೀಟರ್‌ಗಳಿಂದ ಆರಂಭವಾಗಿ ಆರ್ಫಿನೆಟ್ ಎಂಬ ಹೆಸರಿನಲ್ಲಿ ಬೆಳೆದ ಈ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದೆ.