ಎಚ್‌ಐವಿ ಜೊತೆ ಮುಪ್ಪು: ಮಾತ್ರೆ ಮತ್ತು ಮಾತು

ಬಸ್ಸು, ಬ್ಯಾಂಕುಗಳ ಲೆಕ್ಕದಲ್ಲಿ ಹಿರಿಯರಾಗಲು ಅರವತ್ತು ತುಂಬಬೇಕು. ಎಚ್‌ಐವಿ ವೈದ್ಯಕೀಯದಲ್ಲಿ ಐವತ್ತಕ್ಕೇ ಹಿರಿಯರು. ಈ ಸೋಂಕಿರುವವರು ಮುಪ್ಪು ಕಾಣುತ್ತಾರೆಂದು ಒಂದು ಕಾಲಕ್ಕೆ ಯಾರೂ ಎಣಿಸಿರಲಿಲ್ಲ.

ಸಿಕ್ಕ ಆಯಸ್ಸು

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ವೈರಸ್ಸನ್ನು ತಗ್ಗಿಸುವ ಮಾತ್ರೆಗಳ ಚಿಕಿತ್ಸೆಯಾದ ಎಆರ್‌ಟಿ, ಸರ್ಕಾರದಿಂದ ಉಚಿತವಾಗಿ 2004ರ ಏಪ್ರಿಲ್ 1ರಂದು ಶುರುವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ಮೂವತ್ತರ ಆಸುಪಾಸಿನಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ. ಮಾತ್ರೆ ತಪ್ಪಿಸದೆ ವೈರಸ್ ಪರೀಕ್ಷೆಗೆ ಸಿಗದಷ್ಟು ತಗ್ಗಿದರೆ, ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ.

ದಣಿದ ಮೈ, ಕುಗ್ಗಿದ ಮನಸ್ಸು

ವೈರಸ್ ತಗ್ಗಿದರೂ ದೇಹದೊಳಗಿನ ಉರಿಯೂತ ಪೂರ್ತಿ ಆರುವುದಿಲ್ಲ. ಹೃದ್ರೋಗ, ಮೂಳೆ ಸವೆತ ಬೇಗ ಬರಬಹುದು. ಖಿನ್ನತೆಯೂ ಸೋಂಕಿತರಲ್ಲಿ ಹೆಚ್ಚು. ಹಿಂದೆ ಬಹಳ ಬಳಕೆಯಲ್ಲಿದ್ದ ಎಫಾವಿರೆಂಜ್ ಮಾತ್ರೆಯಿಂದ ಕೆಲವರಿಗೆ ಕೆಟ್ಟ ಕನಸು, ಮನಸ್ಸಿನ ಕುಸಿತ ಉಂಟಾಗುತ್ತಿತ್ತು. ಈಗ ಅದರ ಜಾಗಕ್ಕೆ ಡೊಲುಟೆಗ್ರಾವಿರ್ ಬಂದಿದೆ. ಬೇಸರ ಹೆಚ್ಚಾದಾಗ ಮಾತ್ರೆ ತಪ್ಪುತ್ತದೆ, ಮಾತ್ರೆ ತಪ್ಪಿದರೆ ವೈರಸ್ ಮತ್ತೆ ಏರುತ್ತದೆ. ಹಾಗಾಗಿ ಮನಸ್ಸಿನ ಆರೈಕೆ ಚಿಕಿತ್ಸೆಯ ಒಳಗಿನ ಮಾತೇ.

ಗುಟ್ಟು

ಗಂಡ ತೀರಿಕೊಂಡ ಮೇಲೆ ತಮಗೂ ಸೋಂಕಿದೆಯೆಂದು ತಿಳಿದ ಹೆಂಗಸರು ನಮ್ಮಲ್ಲಿ ಕಡಿಮೆಯಿಲ್ಲ. ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಟ್ಟರು. ಗುರುತಿನವರು ಕಂಡಾರೆಂದು ಪಕ್ಕದ ಜಿಲ್ಲೆಯ ಎಆರ್‌ಟಿ ಕೇಂದ್ರಕ್ಕೆ ಓಡಾಡಿದರು. ವಯಸ್ಸಾದಂತೆ ಈ ಗುಟ್ಟು ಕೈಮೀರುತ್ತದೆ: ಕಣ್ಣು ಮಂಜಾಗಿ ಮಾತ್ರೆ ಎಣಿಸಿಕೊಡಲು ಸೊಸೆಯೇ ಬೇಕು, ‘ಇದು ಯಾತರ ಮಾತ್ರೆ ಅತ್ತೆ?’ ಎಂದು ಅವಳು ಕೇಳಿಯೇ ಕೇಳುತ್ತಾಳೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ತಾರತಮ್ಯವನ್ನು ನಿಷೇಧಿಸಿದೆ, ಸೋಂಕಿನ ವಿವರದ ಗೋಪ್ಯತೆಗೂ ರಕ್ಷಣೆ ಕೊಟ್ಟಿದೆ. ಸೊಸೆಗೆ ಏನು ಹೇಳಬೇಕೆಂಬುದು ಮಾತ್ರ ಅತ್ತೆಯ ಪಾಲಿಗೇ ಉಳಿದಿದೆ.

ಸರದಿ ಸಾಲಿನ ಗೆಳೆತನ

ಮನೆಯಲ್ಲಿ ಬಾಯಿಬಿಡದವರು ಎಆರ್‌ಟಿ ಕೇಂದ್ರದ ಬೆಂಚಿನ ಮೇಲೆ ಮಾತಾಡುತ್ತಾರೆ. ಅಲ್ಲಿ ವಿವರಿಸುವ ಕೆಲಸವೇ ಇಲ್ಲ, ಎಲ್ಲರದೂ ಒಂದೇ ಕಥೆ. ಸೋಂಕಿತರೇ ಕಟ್ಟಿಕೊಂಡ ಸಂಘಗಳು ಇಂಥ ಒಡನಾಟವನ್ನು ಬೆಳೆಸಿದವು. ಆರೋಗ್ಯ ಸ್ಥಿರವಾಗಿರುವವರಿಗೆ ಈಗ ಒಮ್ಮೆಗೇ ಹಲವು ತಿಂಗಳ ಮಾತ್ರೆ ಕೊಡುವ ಪದ್ಧತಿಯಿದೆ. ಬಸ್‌ ಚಾರ್ಜು, ಒಂದು ದಿನದ ಕೂಲಿ ಎರಡೂ ಉಳಿಯುತ್ತವೆ, ಒಳ್ಳೆಯದೇ. ಆದರೆ ಒಂಟಿಯಾಗಿರುವ ವೃದ್ಧೆಗೆ ತಿಂಗಳಿಗೊಮ್ಮೆ ಸಿಗುತ್ತಿದ್ದ ಆ ಬೆಂಚೂ ದೂರವಾಗುತ್ತದೆ. ಈ ನಷ್ಟವನ್ನು ಯಾವ ರಿಜಿಸ್ಟರಿನಲ್ಲೂ ಬರೆಯುವುದಿಲ್ಲ.

ಫೋನಿನಲ್ಲಿ

ಎಚ್‌ಐವಿ ಸಹಾಯವಾಣಿ 1097, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ. ಎರಡನೆಯದು 2022ರಲ್ಲಿ ಶುರುವಾಯಿತು, ಕನ್ನಡದಲ್ಲೇ ಮಾತಾಡಬಹುದು.