ದೋರು ಕಣಿವೆಯ ಗಡಿಗಲ್ಲು, ಸಿಂಧನೂರಿನ ಕಾಲುವೆ

ರಾಯಚೂರು ಜಿಲ್ಲೆಯ ಭೂದಾಖಲೆಗಳನ್ನು ಓದುವುದು ನನ್ನ ಪಿಎಚ್.ಡಿ. ಕೆಲಸ. ಅವುಗಳ ನಡುವೆ ಮತ್ತೆ ಮತ್ತೆ ಎದುರಾಗುವ ಶಬ್ದ 'ಲೋಕಲೈಜೇಶನ್'. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ಹೊತ್ತಿಗೆ, ಇಂತಿಂಥ ಸರ್ವೆ ನಂಬರಿಗೆ ಇಂತಿಂಥ ಬೆಳೆ ಎಂದು ಸರ್ಕಾರ ನಿಗದಿಪಡಿಸಿದ ವ್ಯವಸ್ಥೆಯ ಹೆಸರು ಅದು. ನೆಲವನ್ನು ಬೆಳೆಯ ಲೆಕ್ಕದಲ್ಲಿ ಹೀಗೆ ವರ್ಗ ಮಾಡಿದವರು ಬೇರೆ ಎಲ್ಲಿದ್ದಾರೆ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಪೋರ್ಚುಗಲ್ಲಿನ ವೈನ್ ಸೀಮೆಗಳು.

ಪೋರ್ಚುಗೀಸರು ನಮ್ಮ ಕಡೆಗೆ ತೀರ ಅಪರಿಚಿತರೇನಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾಂವ್ ದೆ ಫಿಗೆರೆದೊ ಎಂಬಾತ ತನ್ನ ಬಂದೂಕುಗಾರರೊಂದಿಗೆ ಜತೆಗಿದ್ದ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಕ್ರೈಸ್ತ ಸಮುದಾಯದ ಮೂಲವನ್ನು ಗೆಜೆಟಿಯರುಗಳು 16ನೆಯ ಶತಮಾನದಲ್ಲಿ ಗೋವೆಯಿಂದ ಬಂದ ಪಾದ್ರಿಗಳವರೆಗೆ ಒಯ್ಯುತ್ತವೆ. ವಿಜಯನಗರದ ಪೇಟೆಯಲ್ಲಿ ದ್ರಾಕ್ಷಿ ಗೊಂಚಲಿನ ಧಾರಣೆ ಎಷ್ಟಿತ್ತು ಎನ್ನುವುದನ್ನೂ ಡೊಮಿಂಗೊ ಪಯೇಸ್ ಬರೆದಿಟ್ಟಿದ್ದಾನೆ. ದ್ರಾಕ್ಷಿಯ ನಾಡಿನಿಂದ ಬಂದವನ ಕಣ್ಣು ದ್ರಾಕ್ಷಿಯ ಮೇಲೆ ಬೀಳದೆ ಇದ್ದೀತೆ?

ಆ ನಾಡಿನ ಉತ್ತರಕ್ಕೆ ದೋರು ನದಿಯ ಕಣಿವೆಯಿದೆ. ಪೋರ್ಟ್ ವೈನಿನ ದ್ರಾಕ್ಷಿ ಬೆಳೆಯುವುದು ಇಲ್ಲಿ. 18ನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಿಂದ ಬೇಡಿಕೆ ಏರಿದಂತೆ ಕಲಬೆರಕೆಯೂ ಏರಿತು. ಎಲ್ಡರ್ ಎಂಬ ಗಿಡದ ಹಣ್ಣಿನ ರಸ ಬೆರೆಸಿ ಬಣ್ಣ ಕಟ್ಟುತ್ತಿದ್ದರು. ಹೆಸರು ಕೆಟ್ಟಿತು, ಬೆಲೆ ಕುಸಿಯಿತು. 1756ರಲ್ಲಿ, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ, ಒಂದು ಕಂಪನಿ ಕಟ್ಟಿ ಕಣಿವೆಗೆ ಗಡಿ ಹಾಕಿಸಿದ. 1758ರಿಂದ 1761ರ ಒಳಗೆ 335 ಗ್ರಾನೈಟ್ ಕಲ್ಲುಗಳನ್ನು ನೆಡಲಾಯಿತು. ಕಲ್ಲಿನ ಮೇಲೆ 'ಫೆಯ್ತೊರಿಯ' ಎಂಬ ಕೆತ್ತನೆ. ಒಳಗಿನ ಒಳ್ಳೆಯ ವೈನ್ ಫೆಯ್ತೊರಿಯ, ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುವಂಥದ್ದು. ಕಡಿಮೆಯದು 'ರಾಮು', ಊರೊಳಗೇ ಕುಡಿಯಬೇಕಾದದ್ದು. ಬಣ್ಣದ ಗಿಡಗಳನ್ನು ಬೇರುಸಹಿತ ಕೀಳಿಸಿದರು. ಕಂಪನಿಯ ಏಕಸ್ವಾಮ್ಯದ ವಿರುದ್ಧ 1757ರಲ್ಲಿ ಪೋರ್ಟೊ ನಗರದ ಜನ ದಂಗೆಯೆದ್ದರು. ಪೊಂಬಾಲ್ ಹಲವರನ್ನು ಗಲ್ಲಿಗೇರಿಸಿದ. ಕಲ್ಲಿಗೂ ಅರಸೊತ್ತಿಗೆಗೂ ಇರುವ ನಂಟನ್ನು ಮಸ್ಕಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ ಸಿಕ್ಕಿದ್ದು ಅಲ್ಲಿಯ ಬಂಡೆಯ ಮೇಲೆ.

ಈಗಿನ ಪೋರ್ಚುಗಲ್ಲಿನಲ್ಲಿ ವೈನ್ ಸೀಮೆಗಳಿಗೆ ಮೂರು ಮೆಟ್ಟಿಲು. ಮೇಲಿನದು ಡಿಒಸಿ: ಸೀಮೆ ಚಿಕ್ಕದು, ಯಾವ ತಳಿ, ಎಕರೆಗೆ ಎಷ್ಟು ಇಳುವರಿ ಎಂಬುದಕ್ಕೆಲ್ಲ ಕಟ್ಟಳೆ ಬಿಗಿ. ಅದರ ಕೆಳಗೆ 'ವಿನ್ಯೊ ರೆಜಿಯೊನಾಲ್': ಸೀಮೆ ದೊಡ್ಡದು, ಕಟ್ಟಳೆ ಸಡಿಲ. ಕೊನೆಗೆ ಬರಿಯ 'ವಿನ್ಯೊ'. ಮೇಲಿನ ಮೆಟ್ಟಿಲಿನದೇ ಸದಾ ರುಚಿಕರ ಎಂದೇನಿಲ್ಲ. ಹೊರಗಿನ ತಳಿ ಬಳಸುವ ಆಸೆಗೆ ಬೇಕೆಂದೇ ಎರಡನೆಯ ಮೆಟ್ಟಿಲಿಗೆ ಇಳಿದ ಒಳ್ಳೆಯ ತಯಾರಕರು ಅಲೆಂತೆಜು ಸೀಮೆಯಲ್ಲಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮೆಟ್ಟಿಲುಗಳಲ್ಲ, ದೋರುವಿನ ಒಳಗಿನ ಅಂಕಪಟ್ಟಿ. 1940ರ ದಶಕದಲ್ಲಿ ಅಲ್ವರು ಮೊರೆಯ್ರ ದ ಫೊನ್ಸೆಕ ಎಂಬುವರು ರೂಪಿಸಿದ ಈ ಪದ್ಧತಿಯಲ್ಲಿ ಪ್ರತಿ ತೋಟಕ್ಕೂ ಅಂಕ ಉಂಟು. ತೋಟ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಇಳಿಜಾರು ಎಷ್ಟು, ಮಣ್ಣು ಯಾವುದು, ಬಳ್ಳಿಯ ವಯಸ್ಸೆಷ್ಟು, ಇಳುವರಿ ಎಷ್ಟು ಎಂದೆಲ್ಲ ನೋಡುತ್ತಾರೆ. ಪದರುಗಲ್ಲಿನ ನೆಲಕ್ಕೆ ಅಂಕ ಕೂಡುತ್ತಾರೆ, ಗ್ರಾನೈಟ್ ನೆಲಕ್ಕೆ ಕಳೆಯುತ್ತಾರೆ. ಗಡಿಗೆ ನೆಟ್ಟ ಕಲ್ಲೇ ಗ್ರಾನೈಟಿನದು ಎಂಬುದು ತಮಾಷೆ. ಇಳುವರಿ ಹೆಚ್ಚಾದರೂ ಅಂಕ ಹೋಗುತ್ತದೆ. ನಮ್ಮ ರೈತನಿಗೆ ಇದನ್ನು ಹೇಳಿದರೆ ನಕ್ಕಾನು. 1200 ಮತ್ತು ಅದಕ್ಕೂ ಮೇಲೆ ಬಂದರೆ 'ಎ' ವರ್ಗ, ಅಲ್ಲಿಂದ ಇಳಿಯುತ್ತ 'ಎಫ್' ಮತ್ತು ಅದರಾಚೆ. ಆಯಾ ವರ್ಷ ಯಾವ ವರ್ಗದ ತೋಟದವನು ಎಷ್ಟು ರಸವನ್ನು ಪೋರ್ಟ್ ಮಾಡಬಹುದು ಎಂಬ ಪರವಾನಗಿ ಈ ಅಂಕದ ಮೇಲೆ ನಿಂತಿದೆ. ಅಂದರೆ ಆ ಅಕ್ಷರ ಒಂದು ಮನೆಯ ವರಮಾನ.

ನಮ್ಮಲ್ಲಿಯೂ ಮಣ್ಣಿಗೆ ಅಂಕ ಕೊಟ್ಟ ರೂಢಿಯಿದೆ. ಎರೆ, ಮಸಾರಿ, ಸವಳು ಎಂಬುದು ರೈತರ ವರ್ಗೀಕರಣ. ಖುಷ್ಕಿ, ತರಿ, ಬಾಗಾಯ್ತು ಎಂಬುದು ಕಚೇರಿಯದು. ನಿಜಾಮರ ಕಾಲದ ಸರ್ವೆ, ಮುಂಬಯಿಯ ಪದ್ಧತಿಯನ್ನು ಅನುಸರಿಸಿ ನೆಲವನ್ನು ಆಣೆಯಲ್ಲಿ ಅಳೆಯಿತು. ಒಳ್ಳೆಯ ಎರೆಭೂಮಿ ಹದಿನಾರಾಣೆ, ಕಡಿಮೆಯದು ಎಂಟಾಣೆ, ನಾಲ್ಕಾಣೆ. ಇದರ ಉದ್ದೇಶ ಒಂದೇ, ಕಂದಾಯ. ಊರುಗಳನ್ನೂ ಹೀಗೇ ಎತ್ತಿ ಇಟ್ಟರು. 1905ರವರೆಗೆ ಜಿಲ್ಲೆಯಾಗಿದ್ದ ಲಿಂಗಸುಗೂರು ಆಮೇಲೆ ರಾಯಚೂರಿನೊಳಗೆ ಸೇರಿತು. ತೀರ ಇತ್ತೀಚೆಗೆ ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲೂಕುಗಳ ಹಳ್ಳಿಗಳನ್ನು ತೆಗೆದು ಮಸ್ಕಿ ತಾಲೂಕು ಮಾಡಿದರು.

ಲೋಕಲೈಜೇಶನ್ ಮಾತ್ರ ಬೇರೆ ಜಾತಿಯದು. 1876–78ರ ಬರದಲ್ಲಿ ಈ ಸೀಮೆ ಸತ್ತು ಬದುಕಿತ್ತು. ತುಂಗಭದ್ರೆಯ ನೀರನ್ನು ತೆಳ್ಳಗೆ ಹರಡಿ ಆದಷ್ಟು ಹೆಚ್ಚು ಹೊಲಗಳನ್ನು ಬರದಿಂದ ಕಾಯಬೇಕೆಂಬುದು ಯೋಜನೆಯ ಹಿಂದಿನ ಲೆಕ್ಕ. 227 ಕಿ.ಮೀ. ಕಾಲುವೆ, ಸುಮಾರು 6 ಲಕ್ಷ ಎಕರೆ ಅಚ್ಚುಕಟ್ಟು. ಅದರ ಬಹುಪಾಲಿಗೆ ಜೋಳ, ಹತ್ತಿ, ಶೇಂಗಾದಂಥ ಲಘು ನೀರಾವರಿ ಬೆಳೆ. ಭತ್ತಕ್ಕೆ ಸ್ವಲ್ಪ ನೆಲ ಮಾತ್ರ. ಪೊಂಬಾಲ್ ಗಡಿ ಹಾಕಿದ್ದು ಕೆಲವರ ಸರಕಿನ ಬೆಲೆ ಕಾಯಲು, ಇಲ್ಲಿ ಎಂಜಿನಿಯರುಗಳು ಗೆರೆ ಎಳೆದದ್ದು ಎಲ್ಲರಿಗೂ ಒಂದಿಷ್ಟು ನೀರು ಮುಟ್ಟಿಸಲು. ಉದ್ದೇಶ ನೋಡಿದರೆ ನಮ್ಮದೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಉಳಿದದ್ದು ಮಾತ್ರ ಅವರದು. ಆಂಧ್ರದ ಕರಾವಳಿಯಿಂದ ಬಂದ ರೈತರು ಕಾಲುವೆಯ ಮೇಲ್ಭಾಗದಲ್ಲಿ ಜಮೀನು ಕೊಂಡು ಕ್ಯಾಂಪುಗಳನ್ನು ಕಟ್ಟಿದರು, ಭತ್ತ ಹಚ್ಚಿದರು. ದುಡ್ಡು ಕಂಡ ಸ್ಥಳೀಯರೂ ಹಚ್ಚಿದರು. ಯಾರನ್ನೂ ದೂರಲಾಗದು: ಜೋಳಕ್ಕೆ ಎಲ್ಲಿಯ ಧಾರಣೆ, ಸೋನಾ ಮಸೂರಿಗೆ ಎಲ್ಲಿಯದು! ಕಟ್ಟಳೆ ಮೀರಿದರೆ ನೀರಿನ ಕರಕ್ಕೆ ದಂಡ ಇತ್ತು, ಆದರೆ ಭತ್ತದ ಲಾಭದ ಮುಂದೆ ದಂಡ ಯಾವ ಲೆಕ್ಕ? ಡಚ್ ವಿದ್ವಾಂಸ ಪೀಟರ್ ಮೊಲಿಂಗ ಈ ಕಾಲುವೆಯ ಮೇಲೆ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಮೇಲಿನವರ ಗದ್ದೆ ತುಂಬಿದಷ್ಟೂ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ಹೊಲ ಒಣಗಿತು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಕೊನೆಭಾಗದವರು ರಸ್ತೆ ತಡೆಯುವುದು, ಜಿಲ್ಲಾಡಳಿತ ಕಾಲುವೆಯ ಗುಂಟ ನಿಷೇಧಾಜ್ಞೆ ಹಾಕುವುದು ನಮ್ಮ ಕಡೆಯ ಪತ್ರಿಕೆಗಳಿಗೆ ಹಳೆಯ ಸುದ್ದಿ.

ವರ್ಗೀಕರಣದ ಹೊರಗೇ ಉಳಿದವರದು ಇನ್ನೊಂದು ಕತೆ. ಮಸ್ಕಿ ತಾಲೂಕಿನ ಪಾಮನಕಲ್ಲೂರು ಸುತ್ತಿನ ಹಳ್ಳಿಗಳ ರೈತರು ಕೃಷ್ಣೆಯ ನಾರಾಯಣಪುರ ಬಲದಂಡೆಯಿಂದ 5ಎ ಕಾಲುವೆ ಬೇಕೆಂದು 2020ರ ಕೊನೆಗೆ ಧರಣಿ ಕೂತರು. 2021ರ ಮಸ್ಕಿ ಉಪಚುನಾವಣೆಯ ತುಂಬ ಅದೇ ಮಾತು. ನಂದವಾಡಗಿ ಏತ ಯೋಜನೆಯಲ್ಲಿ ಹನಿ ನೀರಾವರಿ ಕೊಡುತ್ತೇವೆ ಎಂದಿತು ಸರ್ಕಾರ. ಹನಿ ಬೇಡ, ಹರಿ ನೀರಾವರಿಯೇ ಬೇಕೆಂದರು ರೈತರು. ಬಳ್ಳಿ ಬದಲಿಸಿಯೋ ತಳಿ ಬದಲಿಸಿಯೋ ಅಂಕ ಏರಿಸಿಕೊಳ್ಳುವ ದಾರಿ ದೋರುವಿನ ತೋಟದವನಿಗಿದೆ. ಇಲ್ಲಿ ಪಹಣಿಯಲ್ಲಿ 'ಖುಷ್ಕಿ' ಎಂದು ಬರೆದ ಹೊಲ, ಕಾಲುವೆ ಬರುವ ತನಕ ಖುಷ್ಕಿಯೇ.