ನೆಲದ ಗದ್ದಲದೊಳಗೆ ಒಂದು ರೆಕ್ಕೆ

ರೇಡಾರಿನ ಕಣ್ಣು ತಪ್ಪಿಸಬೇಕೆಂದರೆ ತಗ್ಗಿನಲ್ಲಿ ಹಾರಬೇಕು. ಎರಡನೇ ಮಹಾಯುದ್ಧದ ಪೈಲಟ್‌ಗಳಿಗೇ ಈ ಉಪಾಯ ಗೊತ್ತಿತ್ತು. ಭೂಮಿ ಗುಂಡಗಿರುವುದರಿಂದ, ನೂರು ಮೀಟರ್ ಎತ್ತರದಲ್ಲಿ ಬರುವ ವಿಮಾನ 25 ಮೀಟರ್ ಗೋಪುರದ ಮೇಲಿನ ರೇಡಾರಿಗೆ ಕಾಣುವುದು ಸುಮಾರು 60 ಕಿ.ಮೀ. ಸಮೀಪಕ್ಕೆ ಬಂದಮೇಲೆಯೇ. ಆದ್ದರಿಂದಲೇ ನಮ್ಮ ವಾಯುಪಡೆ ಹಿಂದೆ ಗಡಿಯ ಬಳಿ ಮನುಷ್ಯರ ಕೈಗೆ ವೈರ್‌ಲೆಸ್ ಕೊಟ್ಟು ಆಕಾಶ ಕಾಯಲು ಕೂರಿಸುತ್ತಿತ್ತು.

ರೇಡಾರನ್ನೇ ವಿಮಾನಕ್ಕೇರಿಸಿ 9 ಕಿ.ಮೀ. ಮೇಲೆ ಹೋದರೆ ದಿಗಂತ ಸುಮಾರು 390 ಕಿ.ಮೀ. ದೂರ ಸರಿಯುತ್ತದೆ. ಆದರೆ ಕೆಳಗೆ ನೋಡಿದೊಡನೆ ಬೆಟ್ಟ, ಮರ, ಕಟ್ಟಡ ಎಲ್ಲವೂ ಮಾರ್ದನಿ ಕೊಡತೊಡಗುತ್ತವೆ. ಈ ಗದ್ದಲಕ್ಕೆ ‘ಕ್ಲಟರ್’ ಎಂದು ಹೆಸರು. ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮದಲ್ಲಿ ನಾನು ಇಂಥದ್ದನ್ನೇ ಕಣ್ಣಾರೆ ನೋಡಿದ್ದೇನೆ. ಬಾನಿಗೆದುರಾಗಿ ಹಾರುವ ನೀರುಕಾಗೆ ಸ್ಪಷ್ಟವಾಗಿ ಕಾಣುತ್ತದೆ. ಅದೇ ಹಕ್ಕಿ ದಡದ ಮರಗಳ ಮುಂದೆ ಬಂದರೆ ಕಪ್ಪಿನಲ್ಲಿ ಕರಗುತ್ತದೆ. ಆಗ ಅದನ್ನು ತೋರಿಸಿಕೊಡುವುದು ಚಲನೆಯೊಂದೇ.

ರೇಡಾರಿಗೂ ಚಲನೆಯೇ ಗುರುತು. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದಂತೆ, ಹತ್ತಿರ ಬರುವ ವಸ್ತುವಿನ ಅಲೆಯ ಕಂಪನಾಂಕ ಏರುತ್ತದೆ, ದೂರ ಹೋಗುವುದರದು ಇಳಿಯುತ್ತದೆ. ಆದರೆ ಇಲ್ಲಿ ನೋಡುವ ವಿಮಾನವೂ ಓಡುತ್ತಿದೆ! ಹಾಗಾಗಿ ನಿಂತ ನೆಲವೂ ಚಲಿಸುವಂತೆ ಕಾಣುತ್ತದೆ: ಮುಂದಿನದು ಎದುರು ಬಂದಂತೆ, ಹಿಂದಿನದು ದೂರ ಸರಿದಂತೆ. ಕಂಪ್ಯೂಟರು ಮೊದಲು ತನ್ನ ಓಟದ ಲೆಕ್ಕ ಕಳೆಯಬೇಕು, ಆಮೇಲೆ ಉಳಿದ ವೇಗವನ್ನು ಹುಡುಕಬೇಕು. ಆಗಲೂ ರೇಡಾರಿನ ದೃಷ್ಟಿಗೆ ಅಡ್ಡವಾಗಿ ಹಾರುವ ವಿಮಾನ ಹತ್ತಿರವೂ ಬರದೆ, ದೂರವೂ ಸರಿಯದೆ ನೆಲದೊಳಗೆ ಬೆರೆತುಹೋಗಬಹುದು.

ಈ ವಿದ್ಯೆಯನ್ನು ನಮ್ಮದಾಗಿಸಿಕೊಳ್ಳುವ ಯತ್ನ ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಶುರುವಾಯಿತು. ಡಿಆರ್‌ಡಿಒ 1991ರಲ್ಲಿ ಇದಕ್ಕಾಗಿಯೇ ‘ಕ್ಯಾಬ್ಸ್’ ಪ್ರಯೋಗಾಲಯ ಕಟ್ಟಿತು. ಆವ್ರೊ ವಿಮಾನದ ಬೆನ್ನಿಗೆ ತಿರುಗುವ ದೊಡ್ಡ ತಟ್ಟೆ ಹೊರಿಸಿ ಪರೀಕ್ಷೆ ನಡೆಸಿದರು; ಯೋಜನೆಗೆ ‘ಐರಾವತ’ ಎಂಬ ಹೆಸರೂ ಬಂತು. 1999ರ ಜನವರಿ 11ರಂದು ಆ ವಿಮಾನ ತಮಿಳುನಾಡಿನ ಅರಕ್ಕೋಣಂ ಬಳಿ ನೆಲಕ್ಕಪ್ಪಳಿಸಿತು. ಒಳಗಿದ್ದ ಎಂಟೂ ಮಂದಿ, ನಾಲ್ವರು ವಿಜ್ಞಾನಿಗಳು ಮತ್ತು ವಾಯುಪಡೆಯ ನಾಲ್ವರು, ತೀರಿಕೊಂಡರು. ಯೋಜನೆ ನಿಂತಿತು.

2004ರಲ್ಲಿ ಅದೇ ಪ್ರಯೋಗಾಲಯ ಮತ್ತೆ ಕೈಹಾಕಿತು. ಈ ಸಲ ಬ್ರೆಜಿಲ್‌ನ ಎಂಬ್ರೇಯರ್ ವಿಮಾನ. ರೇಡಾರು ಬೆಂಗಳೂರಿನ ಎಲ್‌ಆರ್‌ಡಿಇಯದು. ತಿರುಗುವ ತಟ್ಟೆಯ ಬದಲು ಬೆನ್ನಮೇಲೆ ಅಲುಗಾಡದ ಒಂದು ತೊಲೆ. ಅದರ ಎರಡು ಮಗ್ಗುಲಿನಿಂದ ಒಟ್ಟು 240 ಡಿಗ್ರಿ ನೋಟ. ಮೊದಲ ‘ನೇತ್ರ’ 2017ರ ಫೆಬ್ರವರಿ 14ರಂದು ಯಲಹಂಕದ ಏರೋ ಇಂಡಿಯಾದಲ್ಲಿ ವಾಯುಪಡೆಯ ಕೈಸೇರಿತು.

ಈ ಕತೆಯನ್ನು ಸಾಮಾನ್ಯವಾಗಿ ನೇತ್ರದಿಂದ ಹೇಳತೊಡಗುತ್ತಾರೆ. ನನ್ನ ಮಟ್ಟಿಗೆ ಅದು ಐರಾವತದಿಂದಲೇ ಶುರುವಾಗಬೇಕು. ಗೆದ್ದ ಯಂತ್ರದ ಹೆಸರು ತಾನಾಗಿ ಎದ್ದು ಕಾಣುತ್ತದೆ. ಅದಕ್ಕೆ ದಾರಿ ಮಾಡಿಕೊಟ್ಟವರನ್ನು ಗದ್ದಲದ ನಡುವೆ ನಾವೇ ಹುಡುಕಿ ಗುರುತಿಸಬೇಕು.